ಜೂನ್ ಬಂತು, ನಮ್ಮ ಮಕ್ಕಳಿಗೆ ಶಾಲೆ ಇಲ್ಲ: ಮನೆಕಲಿಕೆಯ ವರ್ಷ ಶುರು ಮಾಡುವ ಬಗೆ

ಜೂನ್ ಶುರುವಾದರೆ ಬೀದಿಯ ಸದ್ದೇ ಬೇರೆ. ಬೆಳಗ್ಗೆ ಎಂಟು ಗಂಟೆಗೆ ಸ್ಕೂಲ್ ವ್ಯಾನಿನ ಹಾರನ್. ಸ್ಟೇಷನರಿ ಅಂಗಡಿ ಮುಂದೆ ಬೈಂಡ್ ಪೇಪರಿಗೂ ಲೇಬಲ್ಲಿಗೂ ನೂಕುನುಗ್ಗಲು. ಪಕ್ಕದ ಮನೆ ಹುಡುಗ ಹೊಸ ಬ್ಯಾಗು ಹಾಕ್ಕೊಂಡು ಗೇಟಿನ ಹತ್ತಿರ ನಿಂತಿರುತ್ತಾನೆ. ಮಕ್ಕಳಿಗೆ ಮನೆಯಲ್ಲೇ ಕಲಿಸುವವರಿಗೆ ವರ್ಷದಲ್ಲಿ ಕಷ್ಟದ ವಾರ ಅಂದರೆ ಇದೇ. ಮಗು ಕಿಟಕಿಯಿಂದ ನೋಡುತ್ತದೆ. ಅಪ್ಪ ಅಮ್ಮನಿಗೆ ಒಳಗೊಳಗೇ ಪುಕಪುಕ.

ಆ ಪುಕಪುಕದಲ್ಲಿ ಸುಮಾರು ಜನ ಮಾಡುವ ಕೆಲಸ ಒಂದೇ. ರಾತ್ರಿ ಕೂತು ಟೈಂಟೇಬಲ್ ಬರೆಯುತ್ತಾರೆ. ಒಂಬತ್ತರಿಂದ ಮುಕ್ಕಾಲು ಗಂಟೆ ಗಣಿತ, ಆಮೇಲೆ ವಿಜ್ಞಾನ, ಆಮೇಲೆ ಇಂಗ್ಲಿಷ್. ನಾಲ್ಕು ಬಣ್ಣದ ಸ್ಕೆಚ್ ಪೆನ್ನು. ಆ ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟುತ್ತದೆ, ಜುಲೈ ಹೊತ್ತಿಗೆ ಅದರ ಮೇಲೆ ಗ್ಯಾಸ್ ಬುಕ್ ಮಾಡುವ ನಂಬರು ಬರೆದಿರುತ್ತದೆ. ಶಾಲೆ ಬೇಡ ಅಂತ ಬಿಟ್ಟು, ಅದೇ ಶಾಲೆಯನ್ನು ಅಡುಗೆಮನೆ ಪಕ್ಕ ತಂದು ಕೂರಿಸಿದರೆ ಏನು ಬಂತು ಹೇಳಿ?

ನನ್ನ ಅಭಿಪ್ರಾಯದಲ್ಲಿ ವರ್ಷದ ಶುರುವಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದ್ದು ಒಂದೇ ಒಂದು. ದಿನಾ ಎಲ್ಲರೂ ಸೇರಿ ಓದುವ ಹೊತ್ತು. ಅದು ನೆಲೆ ನಿಂತರೆ ಗಣಿತ, ವಿಜ್ಞಾನ, ಬರವಣಿಗೆ ಎಲ್ಲ ಅದರ ಹಿಂದೆಯೇ ಬರುತ್ತವೆ. ಅದು ನೆಲೆ ನಿಲ್ಲದಿದ್ದರೆ ಎಷ್ಟು ವರ್ಕ್‌ಬುಕ್ ತಂದರೂ ಅಷ್ಟೇ. ಈ ಲೇಖನ ಮುಖ್ಯವಾಗಿ ಐದರಿಂದ ಹನ್ನೆರಡು ವರ್ಷದ ಮಕ್ಕಳಿರುವ ಮನೆಗಳಿಗೆ. ಮಕ್ಕಳು ಶಾಲೆಗೇ ಹೋಗುತ್ತಿದ್ದರೂ ಓದಿನ ಭಾಗ ಹಾಗೇ ಉಪಯೋಗಕ್ಕೆ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಬ್ಬರೂ ಬೆಳಗ್ಗೆ ಒಂಬತ್ತಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವ ಕೆಲಸದಲ್ಲಿದ್ದರೆ, ಮನೆಯಲ್ಲಿ ಮಗುವಿನ ಜೊತೆ ಮನಸ್ಸಿಟ್ಟು ಇರುವ ದೊಡ್ಡವರು ಯಾರೂ ಇಲ್ಲದಿದ್ದರೆ, ಮನೆಕಲಿಕೆ ಬೇಡ. ಒಳ್ಳೆಯ ಶಾಲೆ ಹುಡುಕಿ. ಅದರಲ್ಲಿ ಸೋಲೇನೂ ಇಲ್ಲ.

ಮೊದಲು ಕಾಗದಪತ್ರ

ಬೇಜಾರಿನ ಕೆಲಸ, ಅದಕ್ಕೇ ಮೊದಲು ಮುಗಿಸಿ. ಒಂದು ಫೈಲ್ ತನ್ನಿ. ಮಗುವಿನ ಜನನ ಪ್ರಮಾಣಪತ್ರ, ಆಧಾರ್ ಪ್ರತಿ, ಮೊದಲು ಶಾಲೆಯಲ್ಲಿದ್ದರೆ ಟಿಸಿ ಮತ್ತು ಕೊನೆಯ ಅಂಕಪಟ್ಟಿ, ನಾಲ್ಕು ಫೋಟೊ. ಟಿಸಿ ತೆಗೆದುಕೊಳ್ಳದೆ ಸುಮ್ನೆ ಶಾಲೆ ಬಿಡಿಸಬೇಡಿ. ಎರಡು ವರ್ಷ ಆದಮೇಲೆ ಅದಕ್ಕಾಗಿ ಓಡಾಡುವುದು ತಲೆನೋವು. ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಇನಿಷಿಯಲ್, ಹುಟ್ಟಿದ ದಿನ ಎಲ್ಲ ಕಾಗದದಲ್ಲೂ ಒಂದೇ ಥರ ಇದೆಯಾ ಅಂತ ಈಗಲೇ ನೋಡಿಬಿಡಿ. ಹತ್ತನೇ ತರಗತಿ ಪರೀಕ್ಷೆಯ ಹೊತ್ತಿಗೆ ಗೋಳು ಶುರುವಾಗುವುದು ಇಲ್ಲಿಂದಲೇ.

ಕಾನೂನು ಏನು ಹೇಳುತ್ತದೆ? ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡುವ 2009ರ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಾವೆಲ್ಲ ಆರ್‌ಟಿಇ ಅನ್ನುವುದು ಇದಕ್ಕೇ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದರಲ್ಲಿದೆ. ಮನೆಯಲ್ಲೇ ಕಲಿಸುವವರ ಬಗ್ಗೆ ಅದು ಬಿಡಿಸಿ ಏನೂ ಹೇಳಿಲ್ಲ. ಒಪ್ಪಿಗೆ ಕೊಡುವ ಕಚೇರಿಯೂ ಇಲ್ಲ, ನೋಂದಣಿಯ ಅರ್ಜಿಯೂ ಇಲ್ಲ. ಹಾಗಾಗಿ ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಯಾರಾದರೂ ಮನೆ ಬಾಗಿಲಿಗೆ ಬಂದರೆ ಗಾಬರಿಯಾಗಬೇಡಿ, ಜಗಳಕ್ಕೂ ನಿಲ್ಲಬೇಡಿ. ಕೂರಿಸಿ, ಕಾಫಿ ಕೊಡಿ, ಮಗು ಏನು ಕಲಿಯುತ್ತಿದೆ ಅಂತ ನೋಟ್‌ಬುಕ್ ತೋರಿಸಿ. ಅವರು ಬರುವುದು ಇಟ್ಟಿಗೆ ಗೂಡಿನಲ್ಲಿ, ಗ್ಯಾರೇಜಿನಲ್ಲಿ ದುಡಿಯುತ್ತಿರುವ ಮಗುವನ್ನು ಹುಡುಕಿಕೊಂಡು. ಆ ಕೆಲಸ ನಡೆಯಲೇಬೇಕು.

ಅದೇ ಕಾಯ್ದೆಯಲ್ಲಿ ನಮಗೆ ಸಮಾಧಾನ ಕೊಡುವ ಒಂದು ಮಾತೂ ಇದೆ. ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ಆಮೇಲೆ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಅಂದರೆ ಎಂಟನೇ ತರಗತಿವರೆಗೆ ವಾಪಸ್ ಹೋಗುವ ಬಾಗಿಲು ತೆರೆದೇ ಇರುತ್ತದೆ.

ಮುಂದಿನ ಪರೀಕ್ಷೆಗೆ ಹೆಚ್ಚಿನ ಮನೆಗಳು ನಂಬಿರುವುದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯನ್ನು, ಅಂದರೆ ಎನ್‌ಐಓಎಸ್. ಇದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. ಹತ್ತನೇ ತರಗತಿಗೆ ಸೇರಲು ಹದಿನಾಲ್ಕು ವರ್ಷ ತುಂಬಿರಬೇಕು. ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಆ ಭಾಷೆ ಕನ್ನಡವೂ ಆಗಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನಲ್ಲಿ. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಅವಕಾಶ. ಎಲ್ಲ ವಿಷಯ ಒಂದೇ ಸಲ ಬರೆಯಬೇಕಂತಿಲ್ಲ. ಚಿಕ್ಕ ಮಕ್ಕಳಿಗೂ ಮೂರನೇ, ಐದನೇ, ಎಂಟನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳಿವೆ. ನಿಮ್ಮ ಮಗುವಿಗೆ ಈಗ ಏಳು ವರ್ಷ ಅಂದರೆ ಇದನ್ನು ಒಂದು ಚೀಟಿಯಲ್ಲಿ ಬರೆದು ಫೈಲಿಗೆ ಹಾಕಿ ಮುಚ್ಚಿಡಿ. ಹತ್ತನೇ ಕ್ಲಾಸಿನ ಚಿಂತೆಯನ್ನು ಎರಡನೇ ಕ್ಲಾಸಿನ ಮಗುವಿನ ತಲೆ ಮೇಲೆ ಹೊರಿಸಬೇಡಿ.

ಪುಸ್ತಕದ ಕಪಾಟು ಕೆಳಗಿಳಿಸಿ

ಒಂದು ಭಾನುವಾರ ಇದಕ್ಕೆ ಬೇಕು. ಕಪಾಟಿನ ಪುಸ್ತಕವನ್ನೆಲ್ಲ ನೆಲಕ್ಕೆ ಇಳಿಸಿ. ಮಕ್ಕಳೇ ಇಳಿಸಲಿ. ಅರ್ಧ ಗಂಟೆಯ ಕೆಲಸ ಮೂರು ಗಂಟೆ ಹಿಡಿಯುತ್ತದೆ, ಯಾಕೆಂದರೆ ಪ್ರತಿ ಎರಡನೇ ಪುಸ್ತಕವನ್ನು ತೆರೆದು ಅಲ್ಲೇ ಕೂತುಬಿಡುತ್ತಾರೆ. ಕೂರಲಿ ಬಿಡಿ. ಆ ವರ್ಷದ ಮೊದಲ ಪಾಠ ಅದೇ.

ಮೂರು ರಾಶಿ ಮಾಡಿ. ಓದಿ ಮುಗಿದದ್ದು, ಇನ್ನೂ ಓದುವಂಥದ್ದು, ಯಾರಿಗೂ ಬೇಡವಾದದ್ದು. ಮೂರನೇ ರಾಶಿಯ ಮೇಲೆ ಕರುಣೆ ಬೇಡ. ದುಡ್ಡು ಕೊಟ್ಟು ತಂದದ್ದು ಅಂತ ಇಟ್ಟುಕೊಂಡ ಆ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕಗಳನ್ನು ಯಾರೂ ಮುಟ್ಟುವುದಿಲ್ಲ. ಹತ್ತಿರದ ಸರ್ಕಾರಿ ಶಾಲೆಗೋ ಗ್ರಂಥಾಲಯಕ್ಕೋ ಬೇಕಾ ಅಂತ ಕೇಳಿ, ಇಲ್ಲವಾದರೆ ರದ್ದಿಗೆ ಹಾಕಿ.

ಮಳೆಗಾಲದ ಬಾಗಿಲಲ್ಲಿ ಈ ಕೆಲಸ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಮಲೆನಾಡು, ಕರಾವಳಿ ಕಡೆಯವರಿಗೆ ಗೊತ್ತು, ಜುಲೈ ಬಂತೆಂದರೆ ಪುಸ್ತಕದ ಬೆನ್ನಿನ ಮೇಲೆ ಬೂಷ್ಟು. ಗೋಡೆಗೆ ಒತ್ತಿಟ್ಟ ಕಪಾಟನ್ನು ನಾಲ್ಕು ಬೆರಳು ಈಚೆ ಎಳೆಯಿರಿ, ಗಾಳಿ ಆಡಲಿ. ಬಿಸಿಲು ಬಿದ್ದ ದಿನ ಪುಸ್ತಕಗಳನ್ನು ಹೊರಗೆ ಹರಡಿ. ಹಾಳೆ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೆ ಒಣಗಿದ ಬೇವಿನ ಎಲೆ ಹಾಕಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನುಸಿ ಗುಳಿಗೆ ಬೇಡ, ಪೆಪ್ಪರ್‌ಮಿಂಟು ಅಂತ ಬಾಯಿಗೆ ಹಾಕ್ಕೊಳ್ಳುತ್ತಾರೆ.

ವಾಪಸ್ ಜೋಡಿಸುವಾಗ ಮಕ್ಕಳ ಪುಸ್ತಕ ಕೆಳಗಿನ ಅರೆಯಲ್ಲಿ ಇರಲಿ. ಕೇಳದೆ ತೆಗೆದುಕೊಳ್ಳುವಂತಿರಬೇಕು. ಗಾಜಿನ ಬಾಗಿಲು, ಬೀಗ, ಇದ್ಯಾವುದೂ ಬೇಡ. ಹರಿದರೆ ಹರಿಯಲಿ, ಅಂಟಿಸಿದರಾಯಿತು.

ಹೊಸ ಬ್ಯಾಗು ಇಲ್ಲದ ಮಕ್ಕಳಿಗೆ ಜೂನಿನ ಸಂಭ್ರಮದಲ್ಲಿ ಪಾಲು ಬೇಕಲ್ವಾ? ಅಂಗಡಿಗೆ ಕರ್ಕೊಂಡು ಹೋಗಿ. ಮೂರು ನೋಟ್‌ಬುಕ್, ಒಂದು ಪೆನ್ಸಿಲ್ ಡಬ್ಬಿ, ಬೈಂಡ್ ಪೇಪರು, ಲೇಬಲ್. ಲೇಬಲ್ಲಿನಲ್ಲಿ ‘ಶಾಲೆ’ ಅನ್ನುವ ಜಾಗದಲ್ಲಿ ಏನು ಬರೆಯಬೇಕು ಅಂತ ಅವರೇ ತೀರ್ಮಾನಿಸಲಿ. ನಮ್ಮ ದೊಡ್ಡವಳು ಒಂದು ವರ್ಷ ಅಲ್ಲಿ ‘ಅಜ್ಜಿ ಮನೆ, ಮಹಡಿ’ ಅಂತ ಬರೆದಿದ್ದಳು.

ಓದುವ ಹೊತ್ತನ್ನು ನೆಡುವುದು

ಈಗ ಮುಖ್ಯ ವಿಷಯ. ಗಡಿಯಾರ ನೋಡಿ ಓದಿನ ಹೊತ್ತು ಇಡಬೇಡಿ. ದಿನಾ ತಪ್ಪದೆ ನಡೆಯುವ ಯಾವುದಾದರೂ ಒಂದರ ಬೆನ್ನಿಗೆ ಕಟ್ಟಿ. ತಿಂಡಿ ಒಳ್ಳೆಯದು. ತಿಂಡಿ ಎಂಟಕ್ಕೆ ಆಗಲಿ, ಒಂಬತ್ತೂವರೆಗೆ ಆಗಲಿ, ತಟ್ಟೆ ತೊಳೆದಿಟ್ಟ ಮೇಲೆ ಎಲ್ಲರೂ ಚಾಪೆಗೆ. ರಾತ್ರಿ ಮಲಗುವ ಮುಂಚೆ ಓದುವುದೂ ಚಂದವೇ. ಆದರೆ ರಾತ್ರಿ ದೊಡ್ಡವರಿಗೇ ತೂಕಡಿಕೆ. ನೆಂಟರು ಬಂದರೆ, ಕರೆಂಟ್ ಹೋದರೆ, ತಪ್ಪಿಹೋಗುತ್ತದೆ. ಬೆಳಗಿನದು ಗಟ್ಟಿ, ರಾತ್ರಿಯದು ಸಿಕ್ಕಿದರೆ ಲಾಭ.

ಮೊದಲ ವಾರ ಇಪ್ಪತ್ತು ನಿಮಿಷ ಸಾಕು. ನೀವು ಓದಿ, ಅವರು ಕೇಳಲಿ. ದೊಡ್ಡ ಮಗುವಿಗೆ ಸ್ವಂತ ಓದಲು ಬಂದರೂ ಸರಿ, ನೀವೇ ಗಟ್ಟಿಯಾಗಿ ಓದಿ. ಯಾಕೆ ಅಂತೀರಾ? ಮನೆಯಲ್ಲಿ ನಾವು ‘ಹೋಗ್ತೀನಿ’ ಅಂತೀವಿ, ಧಾರವಾಡದಲ್ಲಿ ‘ಹೋಗ್ತೇನ್ರೀ’ ಅಂತಾರೆ, ಮಂಗಳೂರಲ್ಲಿ ‘ಹೋಗ್ತೇನೆ’. ಪುಸ್ತಕದಲ್ಲಿ ‘ಹೋಗುತ್ತೇನೆ’ ಅಂತಿರುತ್ತದೆ. ಬರಹದ ಕನ್ನಡ ಮಗುವಿನ ಕಿವಿಗೆ ಬಿದ್ದೇ ಇರುವುದಿಲ್ಲ. ಬಿದ್ದೇ ಇಲ್ಲದ ಭಾಷೆಯನ್ನು ಕಣ್ಣಿಂದ ಓದು ಅಂದರೆ ಮಗು ಅಕ್ಷರ ಅಕ್ಷರ ಎಣಿಸುತ್ತಾ ಕೂರುತ್ತದೆ. ಕಿವಿಗೆ ರೂಢಿಯಾದರೆ ಕಣ್ಣು ತಾನೇ ಓಡುತ್ತದೆ.

ಕೈಗೆ ಕೆಲಸ ಕೊಡಿ. ಕೇಳುತ್ತಾ ಬೆಳ್ಳುಳ್ಳಿ ಬಿಡಿಸಲಿ, ಚಿತ್ರ ಬರೆಯಲಿ, ಹುರುಳಿಕಾಯಿ ನಾರು ತೆಗೆಯಲಿ. ಕೈ ಕಟ್ಟಿ ಕೂರಿಸಿದರೆ ಚಿಕ್ಕವನು ಐದೇ ನಿಮಿಷಕ್ಕೆ ಉರುಳಾಡಲು ಶುರು ಮಾಡುತ್ತಾನೆ. ಕಥೆ ಮುಗಿದ ಮೇಲೆ ಪ್ರಶ್ನೆ ಕೇಳಬೇಡಿ. ‘ಇದರ ನೀತಿ ಏನು’ ಅಂತಂತೂ ಕೇಳಲೇಬೇಡಿ. ಕುತೂಹಲ ಇರುವ ಜಾಗದಲ್ಲಿ ಪುಸ್ತಕ ಮುಚ್ಚಿ, ಎದ್ದುಬಿಡಿ. ಮಧ್ಯಾಹ್ನ ಮಗು ತಾನೇ ಆ ಪುಸ್ತಕ ತೆಗೆದು ಮುಂದೆ ಏನಾಯಿತು ಅಂತ ಕದ್ದು ನೋಡಿದರೆ ನಿಮ್ಮ ಕೆಲಸ ಆಯಿತು.

ಯಾವ ಭಾಷೆ? ಬೆಳಗ್ಗೆ ಕನ್ನಡ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಇಂಗ್ಲಿಷು ಟೀವಿಯಿಂದ, ಮೊಬೈಲಿಂದ, ಬಿಸ್ಕತ್ ಪೊಟ್ಟಣದಿಂದ, ಎಲ್ಲ ಕಡೆಯಿಂದ ತಾನಾಗಿ ಬರುತ್ತದೆ. ಕನ್ನಡ ಓದು ಹಾಗೆ ಬರುವುದಿಲ್ಲ, ಕೂರಿಸಿ ತರಬೇಕು. ಮಧ್ಯಾಹ್ನ ಇಂಗ್ಲಿಷ್ ಓದಿಕೊಳ್ಳಿ. ಮನೆಮಾತು ತುಳುವೋ ಕೊಂಕಣಿಯೋ ಉರ್ದುವೋ ಆಗಿದ್ದರೆ ರಾತ್ರಿಯ ಕಥೆ ಅದರಲ್ಲೇ ಇರಲಿ.

ಅಕ್ಷರ ಕಲಿಯುತ್ತಿರುವ ಮಗುವಿಗೆ

ಕನ್ನಡದಲ್ಲಿ ಒಂದು ಅನುಕೂಲ ಇದೆ. ಬರೆದ ಹಾಗೇ ಓದು. ಕಾಗುಣಿತ ಕೈವಶವಾದರೆ ಮಗು ‘ಕಮಲ’ದಿಂದ ‘ಮೂಗುತಿ’ವರೆಗೆ ಸಲೀಸಾಗಿ ಬರುತ್ತದೆ. ಗಾಡಿ ನಿಲ್ಲುವುದು ಒತ್ತಕ್ಷರದ ಹತ್ತಿರ. ಸುಮಾರು ಜನ ಇಲ್ಲಿ ಒತ್ತಕ್ಷರಗಳ ಉದ್ದ ಪಟ್ಟಿ ಬರೆಸುತ್ತಾರೆ. ಬೇಡ. ನಿಮ್ಮ ಮನೆಯವರನ್ನೇ ಸಾಲಾಗಿ ನಿಲ್ಲಿಸಿ.

ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ. ಮೊದಲು ಇವರನ್ನು ಚೀಟಿಯಲ್ಲಿ ಬರೆಯಿರಿ. ಇವರೆಲ್ಲರ ಒತ್ತು ಮೇಲಿನ ಅಕ್ಷರದ ಹಾಗೇ ಕಾಣುತ್ತದೆ, ತಲೆಕಟ್ಟು ತೆಗೆದು ಪುಟ್ಟದು ಮಾಡಿ ಕೆಳಗೆ ಕೂರಿಸಿದಂತೆ. ಮಗುವಿಗೆ ಒಂದೇ ದಿನಕ್ಕೆ ಗುಟ್ಟು ತಿಳಿಯುತ್ತದೆ. ಆಮೇಲೆ ಅಮ್ಮ ಮತ್ತು ಅತ್ತೆ. ಇಲ್ಲಿ ಒತ್ತಿನ ಆಕಾರ ಬೇರೆ. ಮ, ತ, ನ, ಯ, ರ, ಲ, ಈ ಆರಕ್ಕೆ ಒತ್ತು ಬೇರೆ ರೂಪದಲ್ಲಿ ಬರುತ್ತದೆ, ಇವನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು. ಬೆಲ್ಲ, ಅನ್ನ, ಮಜ್ಜಿಗೆ, ಬೆಣ್ಣೆ, ತುಪ್ಪ ಅಂತ ಅಡುಗೆಮನೆ ಡಬ್ಬಿಗಳಿಗೆ ಚೀಟಿ ಅಂಟಿಸಿದರೆ ಅರ್ಧ ಪಾಠ ಅಲ್ಲೇ ಮುಗಿಯಿತು. ಚಿಕ್ಕಪ್ಪ, ದೊಡ್ಡಮ್ಮ ಕೊನೆಗೆ ಬರಲಿ, ಎರಡೆರಡು ಒತ್ತು.

ಕಟ್ಟಕಡೆಗೆ ಅರ್ಕಾವತ್ತು. ‘ಸೂರ್ಯ’, ‘ಕರ್ಪೂರ’ದಲ್ಲಿ ರ್ ಮೊದಲು ಕೇಳಿಸುತ್ತದೆ, ಬರೆಯುವಾಗ ಆ ಗುರುತು ಆಮೇಲೆ ಬರುತ್ತದೆ. ‘ಚಕ್ರ’ದಲ್ಲಿ ಹಾಗಲ್ಲ. ಈ ಎರಡನ್ನೂ ಒಂದೇ ದಿನ ಹೇಳಿಕೊಡಬೇಡಿ. ನಡುವೆ ಹದಿನೈದು ದಿನ ಬಿಡಿ. ಮಹಾಪ್ರಾಣ ತಪ್ಪಿದರೆ, ಶ ಮತ್ತು ಷ ಅದಲುಬದಲಾದರೆ, ಓದಿನ ನಡುವೆ ನಿಲ್ಲಿಸಿ ತಿದ್ದಬೇಡಿ. ಮುಂದಿನ ಸಲ ನೀವು ಓದುವಾಗ ಆ ಪದವನ್ನು ಸ್ವಲ್ಪ ಬಿಡಿಸಿ ಹೇಳಿ, ಅಷ್ಟು ಸಾಕು.

ಬಸ್ಸಿನ ಬೋರ್ಡು, ಅಂಗಡಿ ಹೆಸರು, ಗೋಡೆ ಕ್ಯಾಲೆಂಡರಿನ ಏಕಾದಶಿ ಅಮಾವಾಸ್ಯೆ, ಎಲ್ಲವೂ ಪಾಠವೇ. ಕ್ಯಾಲೆಂಡರಿನಲ್ಲಿ ಮುಂದಿನ ರಜೆ ಯಾವತ್ತು ಅಂತ ಹುಡುಕು ಅಂದರೆ ಓದಲು ಬಾರದ ಮಗುವೂ ಓದುತ್ತದೆ!

ಪುಸ್ತಕ ಎಲ್ಲಿಂದ

ಎಲ್ಲ ಕೊಂಡು ತರಬೇಕಂತಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಪ್ರಥಮ್ ಬುಕ್ಸ್ 2004ರಿಂದ ಮಕ್ಕಳ ಪುಸ್ತಕ ಮಾಡುತ್ತಿದೆ. ಅವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ. ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಇಳಿಸಿಕೊಂಡು ಪ್ರಿಂಟ್ ಹಾಕಿ ಹೊಲಿದುಕೊಳ್ಳಬಹುದು. ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೂ ಇದು ವರ. ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ನವಕರ್ನಾಟಕದ ಮಕ್ಕಳ ಪುಸ್ತಕಗಳು ಕೈಗೆಟಕುವ ಬೆಲೆಯಲ್ಲಿವೆ. ಕನ್ನಡ ಪುಸ್ತಕ ಪ್ರಾಧಿಕಾರ ರಾಜ್ಯೋತ್ಸವದ ತಿಂಗಳಲ್ಲಿ ರಿಯಾಯಿತಿ ಕೊಡುತ್ತದೆ, ದೊಡ್ಡ ಖರೀದಿಯನ್ನು ನವೆಂಬರಿಗೆ ಇಟ್ಟುಕೊಳ್ಳಿ.

ಗ್ರಂಥಾಲಯವನ್ನು ಮರೆತೇಬಿಟ್ಟಿದ್ದೇವೆ. ಊರಿನ ಕೇಂದ್ರ ಗ್ರಂಥಾಲಯಕ್ಕೆ, ಬಡಾವಣೆಯ ಶಾಖೆಗೆ ಒಮ್ಮೆ ಹೋಗಿ ನೋಡಿ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡ ಇದ್ದೇ ಇದೆ. ಹಳ್ಳಿಯಲ್ಲಿರುವವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರಲ್ಲಿ, ‘ಓದುವ ಬೆಳಕು’ ಅನ್ನುವ ಕಾರ್ಯಕ್ರಮದಲ್ಲಿ ಈ ಪಂಚಾಯಿತಿ ಗ್ರಂಥಾಲಯಗಳ ಬಾಗಿಲು ಮಕ್ಕಳಿಗೆ ತೆರೆದುಕೊಂಡಿತು. ಗ್ರಂಥಪಾಲಕರ ಜೊತೆ ಸ್ನೇಹ ಬೆಳೆಸಿ. ಕಟ್ಟು ಬಿಚ್ಚದ ಹೊಸ ಪುಸ್ತಕ ಎಲ್ಲಿದೆ ಅಂತ ಅವರಿಗೆ ಮಾತ್ರ ಗೊತ್ತಿರುತ್ತದೆ.

ಪಠ್ಯಪುಸ್ತಕ ಬೇಕೇ ಬೇಕು ಅನ್ನುವವರಿಗೆ, ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಎಲ್ಲ ತರಗತಿಯದೂ ಪಿಡಿಎಫ್ ಇದೆ. ಗಣಿತಕ್ಕೆ ನಾನು ಅದನ್ನೇ ಇಟ್ಟುಕೊಳ್ಳುವುದು. ಸಾವಿರಗಟ್ಟಲೆ ಕೊಟ್ಟು ಮನೆಕಲಿಕೆಯ ಕಿಟ್ ತರಿಸುವವರನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ.

ಉಳಿದ ದಿನ

ಬೆಳಗ್ಗೆ ಓದಾಯಿತು. ಆಮೇಲೆ ಗಣಿತಕ್ಕೆ ಅರ್ಧ ಗಂಟೆ, ದಿನಾ. ಗಣಿತ ಮಾತ್ರ ಬಿಟ್ಟು ಬಿಟ್ಟು ಮಾಡಿದರೆ ಬರುವುದಿಲ್ಲ. ಅದಾದ ಮೇಲೆ ಮಗು ತನ್ನ ಪಾಡಿಗೆ ಇರಲಿ. ಎಂಟು ವರ್ಷದ ಮಗುವಿಗೆ ಕೂತು ಕಲಿಯುವುದು ದಿನಕ್ಕೆ ಎರಡು ಗಂಟೆ ಧಾರಾಳ.

ಭಿನ್ನರಾಶಿಯನ್ನು ಅಡುಗೆಮನೆಗೆ ಬಿಡಿ. ಅಜ್ಜಿ ಇರುವ ಮನೆಯಲ್ಲಿ ಅಕ್ಕಿ ಅಳೆಯುವ ಪಾವು ಇನ್ನೂ ಇರುತ್ತದೆ. ಒಂದು ಸೇರಿಗೆ ನಾಲ್ಕು ಪಾವು, ಒಂದು ಪಾವಿಗೆ ನಾಲ್ಕು ಚಟಾಕು. ಹಾಗಾದರೆ ಸೇರಿಗೆ ಎಷ್ಟು ಚಟಾಕು? ಮಗು ಅಕ್ಕಿ ಸುರಿದು ಸುರಿದು ಲೆಕ್ಕ ಮಾಡುತ್ತದೆ. ನೆಲದ ಮೇಲೆ ಒಂದಿಷ್ಟು ಚೆಲ್ಲುತ್ತದೆ, ಗುಡಿಸುವ ಕೆಲಸವೂ ಅದರದ್ದೇ. ಕಾಲು, ಅರೆ, ಮುಕ್ಕಾಲು ಕಣ್ಣಿಗೆ ಕಂಡ ಮೇಲೆ ಪುಸ್ತಕದ ಲೆಕ್ಕ ಹೆದರಿಸುವುದಿಲ್ಲ. ದೊಡ್ಡ ಮಗುವಿಗೆ ಕರೆಂಟ್ ಬಿಲ್ ಕೊಡಿ. ಹಿಂದಿನ ರೀಡಿಂಗು, ಈಗಿನ ರೀಡಿಂಗು, ಕಳೆದರೆ ಯೂನಿಟ್ಟು. ಮೀಟರ್ ಹತ್ತಿರ ಹೋಗಿ ತಾನೇ ನೋಡಿ ಬರೆದುಕೊಂಡು ಬರಲಿ, ಬಿಲ್ಲಿಗೆ ತಾಳೆ ನೋಡಲಿ.

ಬರವಣಿಗೆಗೆ ಕಾಪಿ ಬರೆಸುವ ಬದಲು ಒಗಟಿನ ಪುಸ್ತಕ ಮಾಡಿಸಿ. ಅಜ್ಜಿ ಹೇಳುವುದು, ಮಗು ಬರೆಯುವುದು. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’, ಮಲ್ಲಿಗೆ. ‘ಅಂಗಡಿಯಿಂದ ತರೋದು, ಮುಂದಿಟ್ಟುಕೊಂಡು ಅಳೋದು’, ಈರುಳ್ಳಿ. ಉತ್ತರವನ್ನು ಹಾಳೆ ಮಗುಚಿ ಹಿಂದುಗಡೆ ಬರೆಯಬೇಕು. ಆಮೇಲೆ ಮನೆಗೆ ಬಂದವರಿಗೆಲ್ಲ ಪರೀಕ್ಷೆ. ಇದರಿಂದ ಅಜ್ಜಿಯ ಮನಸ್ಸೂ ಬದಲಾಗುತ್ತದೆ. ‘ಮಕ್ಕಳನ್ನ ಸ್ಕೂಲಿಗೆ ಕಳಿಸದೆ ಹಾಳು ಮಾಡ್ತಿದೀರಿ’ ಅಂತಿದ್ದವರು ತಾವೇ ಮೇಷ್ಟ್ರಾದ ಮೇಲೆ ಸ್ವಲ್ಪ ಮೆತ್ತಗಾಗುತ್ತಾರೆ.

ಸಂಜೆ ನಾಲ್ಕೂವರೆ ಮೇಲೆ ಪಾಠದ ಮಾತೇ ಬೇಡ. ಶಾಲೆಯ ಮಕ್ಕಳು ವಾಪಸ್ ಬರುವ ಹೊತ್ತು ಅದು. ಮನೆಯಲ್ಲಿ ಕಲಿಯುವ ಮಗುವಿಗೆ ಇರುವ ನಿಜವಾದ ಕೊರತೆ ಗೆಳೆಯರದ್ದು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬೀದಿಯಲ್ಲಿ ಮಕ್ಕಳಿಲ್ಲವಾದರೆ ಈಜು, ಕಬಡ್ಡಿ, ಯಕ್ಷಗಾನ, ರಂಗ ಶಿಬಿರ, ಏನಾದರೂ ಒಂದಕ್ಕೆ ಸೇರಿಸಲೇಬೇಕು. ವಾರಕ್ಕೆ ಒಂದು ದಿನ ಸಾಲದು.

ಮನೆಕೆಲಸ ಹಂಚುವುದನ್ನೂ ಜೂನಿನಲ್ಲೇ ಮಾತಾಡಿಕೊಳ್ಳಿ, ಮಕ್ಕಳಿಗೆ ಮಾತ್ರ ಅಲ್ಲ, ಗಂಡ ಹೆಂಡತಿಯೂ. ಮನೆಕಲಿಕೆ ಅಂದರೆ ಅಮ್ಮನ ತಲೆಗೆ ಇನ್ನೊಂದು ಮೂಟೆ ಅಂತ ಆಗಿರುವ ಮನೆಗಳೇ ಜಾಸ್ತಿ. ಅಪ್ಪ ವರ್ಕ್ ಫ್ರಂ ಹೋಮ್ ಇದ್ದು, ಬಾಗಿಲು ಹಾಕ್ಕೊಂಡು ಕೂತರೆ ಅದು ಅಮ್ಮನ ಶಾಲೆ ಆಯಿತಷ್ಟೆ. ಅಪ್ಪನಿಗೆ ಒಂದು ವಿಷಯ ಪೂರ್ತಿ ವಹಿಸಿ. ಗಣಿತವೋ, ವಾರದ ಗ್ರಂಥಾಲಯದ ಓಡಾಟವೋ. ಅವರು ಮಾಡುವ ರೀತಿಯಲ್ಲಿ ಮಾಡಲಿ, ನಡುವೆ ಹೋಗಿ ತಿದ್ದಬೇಡಿ.

ಪಂಚಾಂಗ ನೋಡಿ ವರ್ಷ ಹಂಚಿ

ಶಾಲೆಗೆ ಸೆಮಿಸ್ಟರ್ ಇರುತ್ತದೆ. ನಮಗೆ ಪಂಚಾಂಗವೇ ಸರಿ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನೆಂಟರು ಕಡಿಮೆ. ಹೊರಗೆ ಮಳೆ. ಹೊಸದು, ಕಷ್ಟದ್ದು ಏನಿದ್ದರೂ ಜೂನ್-ಜುಲೈನಲ್ಲೇ ಹಿಡಿಯಿರಿ. ಒತ್ತಕ್ಷರವೂ ಭಾಗಾಕಾರವೂ ಆಷಾಢಕ್ಕೆ. ಶ್ರಾವಣ ಬಂದರೆ ಮುಗಿಯಿತು. ನಾಗರಪಂಚಮಿ, ವರಮಹಾಲಕ್ಷ್ಮಿ, ಗೌರಿ-ಗಣೇಶ. ಆ ತಿಂಗಳುಗಳಲ್ಲಿ ಬೆಳಗಿನ ಓದೊಂದನ್ನು ಉಳಿಸಿಕೊಂಡು ಬೇರೆಲ್ಲ ಸಡಿಲ ಬಿಡಿ. ಹಬ್ಬದ ಸಾಮಾನಿನ ಪಟ್ಟಿ ಮಗು ಬರೆಯಲಿ, ಮಾರುಕಟ್ಟೆಯಲ್ಲಿ ಹೂವಿನ ಮಾರಿಗೆ ಎಷ್ಟು ಅಂತ ಅದೇ ಕೇಳಲಿ.

ಜ್ವರ ಬಂದ ವಾರ, ಊರಲ್ಲಿ ಸಾವಾದ ವಾರ, ಅಮ್ಮನಿಗೆ ಸುಮ್ನೆ ಸಾಕಾದ ವಾರ ಇದ್ದೇ ಇರುತ್ತವೆ. ಆಗ ಪುಸ್ತಕ ಹಿಡಿದು ಓದುವುದೂ ಆಗದಿದ್ದರೆ ಆಡಿಯೊ ಕಥೆ ಹಾಕಿ ಎಲ್ಲರೂ ಮಲಗಿ ಕೇಳಿ. ಅದನ್ನೂ ಓದಿನ ಲೆಕ್ಕಕ್ಕೇ ಹಿಡಿಯಿರಿ.

ಬರೆದಿಡಿ, ಆದರೆ ಅತಿ ಬೇಡ

ಒಂದು ದಪ್ಪ ನೋಟ್‌ಬುಕ್. ದಿನಕ್ಕೆ ಎರಡು ಸಾಲು. ತಾರೀಕು, ಏನು ಓದಿದೆವು, ಏನು ಮಾಡಿದೆವು. ‘ಕಪ್ಪೆ ಮರಿ ತಂದು ಬಕೆಟ್‌ನಲ್ಲಿ ಬಿಟ್ಟರು’ ಅನ್ನುವುದೂ ಬರೆಯುವಂಥದ್ದೇ. ತಿಂಗಳಿಗೊಮ್ಮೆ ಮಗುವಿನ ಒಂದು ಬರಹ, ಒಂದು ಚಿತ್ರ ತೆಗೆದು ಆ ಫೈಲಿಗೆ ಸೇರಿಸಿ. ಮುಂದೆ ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರ ಮುಂದೆ ಇಡಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಮದುವೆ ಮನೆಯಲ್ಲಿ ದೊಡ್ಡಮ್ಮ ಮಗುವನ್ನು ಹಿಡಿದು ‘ಯಾವ ಸ್ಕೂಲೋ ನಿಂದು? ಹದಿನೇಳರ ಮಗ್ಗಿ ಹೇಳು ನೋಡೋಣ’ ಅಂದಾಗ ಮಾತ್ರ ಈ ಫೈಲ್ ಉಪಯೋಗಕ್ಕೆ ಬರುವುದಿಲ್ಲ. ‘ಮನೇಲೇ ಕಲೀತಾನೆ ದೊಡ್ಡಮ್ಮ, ಒಂದು ಒಗಟು ಕೇಳ್ತಾನೆ ನೀವೇ ಹೇಳಿ’ ಅಂತ ಮಾತು ತಿರುಗಿಸಿ. ವಾದಕ್ಕೆ ನಿಂತರೆ ಊಟ ಕೆಡುತ್ತದೆ.

ಈ ನೋಟ್‌ಬುಕ್ಕನ್ನು ತಿರುಗಿ ನೋಡುವುದು ದಸರಾದಲ್ಲಿ. ಸರಸ್ವತಿ ಪೂಜೆಗೆ ಪುಸ್ತಕ ಇಟ್ಟ ಮೇಲೆ ಓದುವಂತಿಲ್ಲ, ಬರೆಯುವಂತಿಲ್ಲ ಅಂತ ಸುಮಾರು ಮನೆಗಳಲ್ಲಿ ಪದ್ಧತಿ. ಮಕ್ಕಳಿಗೆ ಆಗಲೇ ಓದಬೇಕು ಅನ್ನಿಸುವುದು, ಅದು ಬೇರೆ ಮಾತು. ಆ ಬಿಡುವಿನಲ್ಲಿ ಗಂಡ ಹೆಂಡತಿ ಕೂತು ಜೂನಿಂದ ಏನು ನಡೆಯಿತು ಅಂತ ನೋಡಿ. ಶುರು ಮಾಡಿ ಬಿಟ್ಟದ್ದನ್ನು ಹೊಡೆದುಹಾಕಿ, ಮತ್ತೆ ಎಳೆದು ತರಬೇಡಿ. ಓದಿನ ಹೊತ್ತು ನೆಲೆ ನಿಂತಿದೆಯಾ, ತಪ್ಪಿದ್ದರೆ ಎಲ್ಲಿ ತಪ್ಪಿತು ಅಂತ ಹುಡುಕಿ. ಬಹುತೇಕ ತಿಂಡಿ ತಡವಾದದ್ದೋ, ಬೆಳಗ್ಗೆ ಯಾರಾದರೂ ಮೊಬೈಲ್ ಹಿಡಿದದ್ದೋ ಕಾರಣವಾಗಿರುತ್ತದೆ. ವಿಜಯದಶಮಿಯಂದು ಪೂಜೆಯ ಪುಸ್ತಕಗಳನ್ನು ಎತ್ತುವಾಗ ಮುಂದಿನ ಮೂರು ತಿಂಗಳ ಪುಸ್ತಕವನ್ನು ಮಕ್ಕಳೇ ಆರಿಸಲಿ. ನಿಮಗೆ ಇಷ್ಟವಿಲ್ಲದ್ದನ್ನು ಆರಿಸಿದರೂ ಅದನ್ನೇ ಓದಿ.